ಕಂಡಿಯ ಕಲ್ಲು: ಬೆಂಗಳೂರು ಕೋಟೆಯ ಯುದ್ಧಸ್ಮಾರಕಗಳನ್ನು ಕುರಿತು

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಿಂದ ಕೂಗಳತೆಯ ದೂರದಲ್ಲಿ ಹಳೆಯ ಕೋಟೆಯ ದೆಹಲಿ ಬಾಗಿಲು ಉಳಿದುಕೊಂಡಿದೆ. ಅದರ ಪಕ್ಕದ ಹೊರಗೋಡೆಯಲ್ಲಿ ಅಮೃತಶಿಲೆಯ ಚಿಕ್ಕ ಫಲಕವೊಂದನ್ನು ಕೂರಿಸಲಾಗಿದೆ. 1791ರ ಮಾರ್ಚ್ 21ರಂದು ಬ್ರಿಟಿಷರ ಲಗ್ಗೆ ಈ ಕಂಡಿಯ ಮೂಲಕ ನಡೆಯಿತು ಎಂಬುದಷ್ಟೇ ಅದರ ಇಂಗ್ಲಿಷ್ ಒಕ್ಕಣೆಯ ಸಾರ. ಲಗ್ಗೆ ಹತ್ತಿದ ದಳದ ಹೆಸರಾಗಲಿ, ಕೋಟೆಯನ್ನು ಕಾಯುತ್ತಿದ್ದವರ ಹೆಸರಾಗಲಿ, ಮಡಿದವರ ಲೆಕ್ಕವಾಗಲಿ ಅದರಲ್ಲಿಲ್ಲ. ಕನ್ನಡದ ಒಂದಕ್ಷರವೂ ಇಲ್ಲ. ಇದಕ್ಕಿಂತ ಮಿಗಿಲಾದ ಸೋಜಿಗವೆಂದರೆ, ಒಕ್ಕಣೆ 'ಈ ಕಂಡಿ' ಎಂದು ಬೆರಳು ಮಾಡಿ ತೋರಿಸುವ ಜಾಗದಲ್ಲಿ ಇಂದು ಕಂಡಿಯೇ ಇಲ್ಲ, ಇಡಿಯಾದ ಕಲ್ಲುಗೋಡೆಯಿದೆ.

ನಗರವೊಂದರ ಕೋಟೆಕೊತ್ತಳಗಳು ಕಂಡ ಯುದ್ಧವನ್ನು ನೆನಪಿಗೆ ತರಲು ನೆಟ್ಟ ಕಲ್ಲುಗಳು ಯಾರ ಪರವಾಗಿ, ಯಾರನ್ನು ಉದ್ದೇಶಿಸಿ ಮಾತನಾಡುತ್ತವೆ ಎಂಬ ಪ್ರಶ್ನೆಯನ್ನು ಪರಿಶೀಲಿಸಲು ಈ ಪುಟ್ಟ ಫಲಕ ಸಾಕು. ಕರ್ನಾಟಕದ ಹೊರಗಿದ್ದು ಮೈಸೂರು ಯುದ್ಧಗಳನ್ನು ಅಭ್ಯಸಿಸುವವರಿಗೆ ಮೊದಲು ಕಣ್ಣಿಗೆ ಬೀಳುವುದು ಇಂತಹ ಫಲಕಗಳೇ. ಅವುಗಳ ಭಾಷೆ ಇಂಗ್ಲಿಷ್, ಅವುಗಳ ಪಾಠ ಅಚ್ಚಾಗಿ ಗ್ರಂಥಾಲಯಗಳಲ್ಲಿ ದೊರೆಯುತ್ತದೆ. ಆದರೆ ಅದೇ ಕೋಟೆಗೆ, ಅದೇ ಮುತ್ತಿಗೆಗೆ ಬೇರೆ ಬಗೆಯ ಗುರುತುಗಳೂ ಇವೆ. ಅವು ಸರಕಾರ ನೆಟ್ಟವಲ್ಲ. ಹಲವಕ್ಕೆ ಬರಹವೇ ಇಲ್ಲ. ಈ ಎರಡು ಬಗೆಯ ಗುರುತುಗಳನ್ನು ಎದುರುಬದುರು ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಕೋಟೆಯ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಒಂದನೆಯ ಕೆಂಪೇಗೌಡನು 1537ರಲ್ಲಿ ಕಟ್ಟಿಸಿದ ಮಣ್ಣಿನ ಕೋಟೆ ಪೇಟೆಯನ್ನು ಸುತ್ತುವರಿದಿತ್ತು. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನು ಊರನ್ನು ಹಿಡಿದ ಮೇಲೆ ಅದು ಶಹಾಜಿಯ ಜಹಗೀರಿಗೆ ಸೇರಿತು. ಪುಣೆಯೂ ಬೆಂಗಳೂರೂ ಒಬ್ಬನೇ ಜಹಗೀರುದಾರನ ಕೈಯಲ್ಲಿದ್ದ ಕಾಲವದು. 1687ರಲ್ಲಿ ಮೊಗಲ ಸೇನಾನಿ ಕಾಸಿಂಖಾನನು ಊರನ್ನು ಗೆದ್ದು ಮೂರು ಲಕ್ಷ ರೂಪಾಯಿಗಳಿಗೆ ಚಿಕ್ಕದೇವರಾಜ ಒಡೆಯರಿಗೆ ಬಿಟ್ಟುಕೊಟ್ಟನು. ಪೇಟೆಯ ದಕ್ಷಿಣಕ್ಕೆ ಮೊಟ್ಟೆಯಾಕಾರದ ಎರಡನೆಯ ಕೋಟೆ ಎದ್ದದ್ದು ಒಡೆಯರ ಕಾಲದಲ್ಲಿ. 1761ರಲ್ಲಿ ಹೈದರಾಲಿ ಅದನ್ನು ಕಲ್ಲಿನಲ್ಲಿ ಮತ್ತೆ ಕಟ್ಟಿಸಿದನು. ಸುತ್ತಳತೆ ಸುಮಾರು ಒಂದು ಮೈಲಿ. ಉತ್ತರಕ್ಕೆ ಪೇಟೆಯ ಕಡೆ ದೆಹಲಿ ಬಾಗಿಲು, ದಕ್ಷಿಣಕ್ಕೆ ಮೈಸೂರು ಬಾಗಿಲು. ಪೇಟೆಗೆ ಮಣ್ಣಿನ ಗೋಡೆ, ಅಗಳು ಮತ್ತು ಮುಳ್ಳುಮರಗಳ ದಟ್ಟವಾದ ಬೇಲಿಯ ರಕ್ಷಣೆಯಿತ್ತು.

ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆ 1791ರ ಮಾರ್ಚ್ 7ರಂದು ಹಲಸೂರು ಬಾಗಿಲನ್ನು ಒಡೆದು ಪೇಟೆಯನ್ನು ಹೊಕ್ಕಿತು. ಆ ಬಾಗಿಲಲ್ಲಿ ಕರ್ನಲ್ ಮೂರ್‌ಹೌಸ್ ಮಡಿದನು. ಪೇಟೆಯನ್ನು ಮರಳಿ ಪಡೆಯಲು ಅದೇ ದಿನ ಟಿಪ್ಪುವಿನ ಸೇನೆ ಬೀದಿಬೀದಿಗಳಲ್ಲಿ ಕಾದಿ ಹಿಮ್ಮೆಟ್ಟಿತು. ಬಳಿಕ ಎರಡು ವಾರ ಪೇಟೆಯ ಕಡೆಯಿಂದ ಕೋಟೆಯ ಮೇಲೆ ಫಿರಂಗಿಗಳು ಗುಂಡು ಹಾರಿಸಿದವು. ದೆಹಲಿ ಬಾಗಿಲಿನ ಬಳಿ ಗೋಡೆ ಕುಸಿಯಿತು. ಮಾರ್ಚ್ 21ರ ಬೆಳದಿಂಗಳ ರಾತ್ರಿ, ಹನ್ನೊಂದು ಗಂಟೆಯ ವೇಳೆಗೆ, ಲಗ್ಗೆ ನಡೆಯಿತು. ಟಿಪ್ಪುವಿನ ದೊಡ್ಡ ಸೇನೆ ಹತ್ತಿರದಲ್ಲಿಯೇ ಇದ್ದರೂ ಸಕಾಲಕ್ಕೆ ನೆರವಾಗಲಿಲ್ಲ. ಕೋಟೆಯ ಕಿಲ್ಲೇದಾರ ಬಹಾದೂರ್ ಖಾನ್, ವಯಸ್ಸಾದ ಸೇನಾನಿ, ಕಾದಾಡುತ್ತಲೇ ಬಿದ್ದನು. ಆತನ ದೇಹವನ್ನು ಕಳುಹಿಸಿಕೊಡುವುದಾಗಿ ಕಾರ್ನ್‌ವಾಲಿಸನು ಹೇಳಿಕಳುಹಿಸಿದಾಗ, ಬಿದ್ದ ಸ್ಥಳದ ಬಳಿಯಲ್ಲಿಯೇ ಮಣ್ಣು ಮಾಡುವುದಕ್ಕಿಂತ ಹೆಚ್ಚಿನ ಗೌರವ ಆತನಿಗೆ ಬೇರೆಯಿಲ್ಲವೆಂಬ ಅರ್ಥದ ಉತ್ತರ ಟಿಪ್ಪುವಿನಿಂದ ಬಂದಿತೆಂದು ಇಂಗ್ಲಿಷ್ ವೃತ್ತಾಂತಗಳೇ ಹೇಳುತ್ತವೆ. ಗೆದ್ದವರ ಬರಹಗಳು ಗೌರವದಿಂದ ನೆನೆದ ಈ ಹೆಸರು ಗೆದ್ದವರ ಕಲ್ಲಿನ ಮೇಲೆ ಏರಲಿಲ್ಲ.

ಇನ್ನು ಇಡಿಯ ಗೋಡೆಯ ವಿಷಯ. 1792ರ ಒಪ್ಪಂದದ ಮೇರೆಗೆ ಬೆಂಗಳೂರು ಟಿಪ್ಪುವಿಗೆ ಮರಳಿ ಬಂದಿತು. ಇಂಗ್ಲಿಷರ ಫಿರಂಗಿಗಳನ್ನು ಈ ಕೋಟೆ ತಡೆಯಲಾರದೆಂದು ಅನುಭವದಿಂದ ತಿಳಿದ ಆತನು ಅದನ್ನು ಕೆಡವಿಸಿದನು. 1800ರಲ್ಲಿ ಇಲ್ಲಿಗೆ ಬಂದ ಬುಕಾನನ್ ಈ ಸಂಗತಿಯನ್ನು ಬರೆದಿಟ್ಟಿದ್ದಾನೆ. ಟಿಪ್ಪುವಿನ ಪತನದ ತರುವಾಯ ದಿವಾನ್ ಪೂರ್ಣಯ್ಯನವರು ಕೋಟೆಯನ್ನು ಮತ್ತೆ ನಿಲ್ಲಿಸಿದರು. ಹೀಗೆ, 1791ರಲ್ಲಿ ಒಡೆದ ಕೋಟೆ ಬೇರೆ, ಫಲಕವನ್ನು ಹೊತ್ತು ನಿಂತಿರುವ ಗೋಡೆಯ ಇತಿಹಾಸ ಬೇರೆ. ಫಲಕ ಎರಡನ್ನೂ ಒಂದೆಂಬಂತೆ ತೋರಿಸುತ್ತದೆ. ಗೋಡೆಯನ್ನು ಒಡೆದವರ ಕೆಲಸವಷ್ಟೇ ಅಲ್ಲಿ ದಾಖಲಾಗಿದೆ. ಕಟ್ಟಿದವರದು, ಕೆಡವಿದವರದು, ಮತ್ತೆ ಕಟ್ಟಿದವರದು ದಾಖಲಾಗಿಲ್ಲ. ಮುಂದೆ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಕೋಟೆಯ ಬಹುಭಾಗ ರಸ್ತೆಗಳಿಗೆ, ಶಾಲೆಗೆ, 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಗೆ ಎಡೆಮಾಡಿಕೊಟ್ಟು ಮರೆಯಾಯಿತು. ನೂರೆಂಟು ಕಾರಣಗಳಿಗಾಗಿ ಕೋಟೆ ಅಳಿಯುತ್ತಿದ್ದಾಗ ಒಂದು ಕಂಡಿಯ ನೆನಪು ಮಾತ್ರ ಅಮೃತಶಿಲೆಯಲ್ಲಿ ಸ್ಥಿರವಾದದ್ದು ಗಮನಾರ್ಹ.

ಕಂಡಿಯೇ ಸ್ಮಾರಕಕ್ಕೆ ವಸ್ತುವಾಗುವುದು ಬೆಂಗಳೂರಿಗೆ ಸೀಮಿತವಾದ ರೂಢಿಯಲ್ಲ. ಶ್ರೀರಂಗಪಟ್ಟಣದ ವಾಯವ್ಯ ಮೂಲೆಯಲ್ಲಿ, 1799ರ ಮೇ 4ರಂದು ಕೋಟೆ ಒಡೆದ ಕಡೆ, ಎತ್ತರದ ಚೌಕಸ್ತಂಭವೊಂದಿದೆ. ಮುತ್ತಿಗೆಯಲ್ಲಿ ಮಡಿದ ಕಂಪೆನಿಯ ಅಧಿಕಾರಿಗಳ ಹೆಸರುಗಳು, ಪಾಲ್ಗೊಂಡ ದಳಗಳ ಹೆಸರುಗಳು ಅದರ ಮೇಲಿವೆ. ಅದನ್ನು 1907ರಲ್ಲಿ ನಿಲ್ಲಿಸಿದ್ದು ಮೈಸೂರು ಸರಕಾರ. ಟಿಪ್ಪುವಿನ ಸೋಲಿನಿಂದ ಮರುಸ್ಥಾಪನೆಗೊಂಡ ಅರಸುಮನೆತನದ ಸರಕಾರ, ತನ್ನ ಹಳೆಯ ರಾಜಧಾನಿಯ ಗೋಡೆ ಒಡೆದ ಜಾಗದಲ್ಲಿ ಒಡೆದವರಿಗಾಗಿ ಕಂಬ ನೆಟ್ಟಿತು. ಇದನ್ನು ಕೇವಲ ಪರಾಧೀನತೆಯೆಂದು ಕರೆದು ಮುಗಿಸುವುದು ಸುಲಭ. ಸಂಸ್ಥಾನದ ಇಕ್ಕಟ್ಟು ಅದಕ್ಕಿಂತ ತೊಡಕಿನದು: 1799ರ ಆ ದಿನ ಅದರ ಪಾಲಿಗೆ ಸೋಲೂ ಹೌದು, ಹುಟ್ಟೂ ಹೌದು. ಅದೇ ಪಟ್ಟಣದಲ್ಲಿ ಟಿಪ್ಪುವಿನ ದೇಹ ದೊರೆತ ಸ್ಥಳವನ್ನು ಗುರುತಿಸುವ ಕಲ್ಲೂ ಇದೆ. ಅಲ್ಲಿಯೂ ಒಕ್ಕಣೆ ಆತನು ಬಿದ್ದದ್ದನ್ನು ಹೇಳುವುದಿಲ್ಲ. ದೇಹ ಸಿಕ್ಕಿದ್ದನ್ನು ಹೇಳುತ್ತದೆ. ಹುಡುಕಿದವರ ಕಣ್ಣಿನಿಂದ ಬರೆದ ವಾಕ್ಯವದು.

ಬೆಂಗಳೂರಿನಲ್ಲಿ ಕಂಡಿಯ ಫಲಕಕ್ಕಿಂತ ಬಹಳ ದೊಡ್ಡದಾದ ಇನ್ನೊಂದು ಸ್ಮಾರಕವಿತ್ತು. ಇಂದಿನ ಪಾಲಿಕೆಯ ಕಚೇರಿಯ ಎದುರು, ಹಡ್ಸನ್ ವೃತ್ತದ ಬಳಿ, ಸುಮಾರು 35 ಅಡಿ ಎತ್ತರದ ಸೆನೊಟಾಫ್ ನಿಂತಿತ್ತು. 1791ರ ಮುತ್ತಿಗೆಯಲ್ಲಿಯೂ ಆ ಯುದ್ಧದ ಇತರ ಕಾಳಗಗಳಲ್ಲಿಯೂ ಸತ್ತ ಕಂಪೆನಿಯ ಕಡೆಯವರ ನೆನಪಿಗಾಗಿ ಎತ್ತಿದ ಕಂಬವದು. ಅದರೆದುರಿನ ರಸ್ತೆಗೆ ಸೆನೊಟಾಫ್ ರಸ್ತೆಯೆಂದೇ ಹೆಸರಾಗಿತ್ತು. ಕನ್ನಡಪರ ಹೋರಾಟಗಾರರ ಒತ್ತಾಯದ ಹಿನ್ನೆಲೆಯಲ್ಲಿ 1964ರ ಅಕ್ಟೋಬರ್ 28ರಂದು ನಗರ ಕಾರ್ಪೊರೇಷನ್ ಅದನ್ನು ಕೆಡವಿತು. ರಸ್ತೆ ನೃಪತುಂಗ ರಸ್ತೆಯಾಯಿತು. ಅಂದಿನವರ ಸಿಟ್ಟು ಅರ್ಥವಾಗುವಂಥದು: ತಮ್ಮ ಊರನ್ನು ಸುಲಿದವರಿಗೆ ಊರಿನ ನಡುವೆ ಗೌರವಸ್ತಂಭವಿರುವುದನ್ನು ಯಾವ ಜನ ಸಹಿಸಿಯಾರು? ಆದರೂ ಸಂಶೋಧನೆಯ ದೃಷ್ಟಿಯಿಂದ ಒಂದು ಮಾತನ್ನು ಹೇಳಲೇಬೇಕು. ಕಂಬ ಹೋದ ಮೇಲೆ ಆ ಜಾಗದಲ್ಲಿ ಕೋಟೆಯನ್ನು ಕಾಯ್ದು ಸತ್ತವರ ಹೆಸರು ಬರಲಿಲ್ಲ. ಗೆದ್ದವರ ಸತ್ತವರೂ ಮರೆಯಾದರು. ಸೋತವರ ಸತ್ತವರು ಮೊದಲೇ ಮರೆಯಾಗಿದ್ದರು. ಒಂದು ಸಾಕ್ಷ್ಯ ಕಳೆಯಿತು, ಇನ್ನೊಂದು ಕೂಡಲಿಲ್ಲ.

ಇಲ್ಲಿ ಪುಣೆಯ ಸಮೀಪದ ಒಂದು ಉದಾಹರಣೆಯನ್ನು ಹೋಲಿಕೆಗೆ ತೆಗೆದುಕೊಳ್ಳಬಹುದು. ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಿಂದ ಈಶಾನ್ಯಕ್ಕೆ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ಭೀಮಾ ನದಿಯ ದಡದಲ್ಲಿ, ಕೋರೆಗಾಂವ್ ಇದೆ. 1818ರ ಜನವರಿ 1ರಂದು ಕಂಪೆನಿಯ ಒಂದು ಸಣ್ಣ ತುಕಡಿ ಆ ಊರೊಳಗೆ ಸೇರಿಕೊಂಡು ಪೇಶ್ವೆಯ ಸೇನೆಯನ್ನು ದಿನವಿಡೀ ಎದುರಿಸಿತು. 1821-22ರಲ್ಲಿ ಕಂಪೆನಿಯೇ ಅಲ್ಲಿ ವಿಜಯಸ್ತಂಭವನ್ನು ನಿಲ್ಲಿಸಿತು. ಉದ್ದೇಶದಲ್ಲಿ ಅದಕ್ಕೂ ಬೆಂಗಳೂರಿನ ಸೆನೊಟಾಫಿಗೂ ಭೇದವಿಲ್ಲ. ಆದರೆ ಕೋರೆಗಾಂವಿನ ಕಂಬದ ಮೇಲೆ ಇಂಗ್ಲಿಷಿನೊಂದಿಗೆ ಮರಾಠಿಯೂ ಇದೆ. ಮಡಿದ 49 ಜನರ ಹೆಸರುಗಳಲ್ಲಿ 22 ಮಹಾರ್ ಸಿಪಾಯಿಗಳವು, 'ನಾಕ್' ಎಂಬ ಅಂತ್ಯಪದದಿಂದ ಅವು ಗುರುತು ಸಿಗುತ್ತವೆ. 1927ರ ಜನವರಿ 1ರಂದು ಡಾ. ಅಂಬೇಡ್ಕರರು ಅಲ್ಲಿಗೆ ಭೇಟಿಯಿತ್ತರು. ಅಂದಿನಿಂದ ಆ ಕಂಬ ಕಂಪೆನಿಯ ಗೆಲವಿನ ಗುರುತಾಗಿ ಉಳಿಯದೆ, ಪೇಶ್ವೆಯರ ಆಳ್ವಿಕೆಯಲ್ಲಿ ಅವಮಾನ ಉಂಡವರ ಪರಾಕ್ರಮದ ಗುರುತಾಯಿತು. ಪ್ರತಿವರ್ಷ ಲಕ್ಷಾಂತರ ಜನ ಅಲ್ಲಿ ಸೇರುತ್ತಾರೆ. ಆ ಅರ್ಥಕ್ಕೆ ವಿರೋಧವೂ ಇದೆ. 2018ರ ಜನವರಿ 1ರಂದು ಅಲ್ಲಿ ಹಿಂಸಾಚಾರ ನಡೆದದ್ದು ಎಲ್ಲರೂ ಬಲ್ಲ ಸಂಗತಿ. ಅದೇನಿದ್ದರೂ, ಓದಿ ತನ್ನವನೆಂದು ಹೇಳಿಕೊಳ್ಳಬಹುದಾದ ಹೆಸರು ಕಲ್ಲಿನ ಮೇಲಿದ್ದುದರಿಂದಲೇ ಆ ಕಲ್ಲಿಗೆ ಎರಡನೆಯ ಜನ್ಮ ದೊರೆಯಿತು. ಬೆಂಗಳೂರಿನ ಲಗ್ಗೆಯಲ್ಲಿಯೂ ಕಂಪೆನಿಯ ಪರವಾಗಿ ದೇಶೀಯ ಸಿಪಾಯಿಗಳು ಕಾದಿದ್ದರು. ಬೆಂಗಳೂರಿನ ಕಂಬವನ್ನು ತನ್ನದೆಂದು ಹೇಳಿ ಉಳಿಸಿಕೊಳ್ಳಲು 1964ರಲ್ಲಿ ಯಾವ ಸಮುದಾಯವೂ ಮುಂದೆ ಬರಲಿಲ್ಲ.

ಹೆಸರಿನ ಮಾತು ಬಂದಾಗ ಕನ್ನಡ ನಾಡಿನ ಹಳೆಯ ಪದ್ಧತಿಯನ್ನು ನೆನೆಯದೆ ಮುಂದೆ ಹೋಗಲಾಗದು. ಬೆಂಗಳೂರು ಎಂಬ ಹೆಸರು ಮೊದಲು ಕಾಣಿಸಿಕೊಳ್ಳುವುದೇ ಯುದ್ಧದ ನೆನಪಿನ ಕಲ್ಲಿನಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ ಸುಮಾರು ಕ್ರಿ.ಶ. 890ರ ಗಂಗರ ಕಾಲದ ಶಾಸನ 'ಬೆಂಗಳೂರ ಕಾಳೆಗ'ದಲ್ಲಿ ನಾಗತ್ತರನ ಕಡೆಯ ಬುಟ್ಟಣಸೆಟ್ಟಿ ಸತ್ತುದನ್ನು ಹೇಳುತ್ತದೆ. ಕಾಳಗದಲ್ಲಿ ಗೆದ್ದವರು ಯಾರು, ಸೋತವರು ಯಾರು ಎಂಬುದು ಅದರಿಂದ ನಮಗೆ ತಿಳಿಯದು. ಸತ್ತವನ ಹೆಸರು ತಿಳಿಯುತ್ತದೆ. ವೀರಗಲ್ಲುಗಳ ಸಾಮಾನ್ಯ ರೀತಿ ಇದೇ. ಆಳುವ ಅರಸನ ಹೆಸರು, ಕಾಳಗದ ಕಾರಣ, ಮಡಿದವನ ಹೆಸರು, ಆತನ ಮನೆಯವರಿಗೆ ಬಿಟ್ಟ ಭೂಮಿ. ಕೆಲವು ಕಡೆ ಈ ಭೂಮಿಯನ್ನು ನೆತ್ತರುಗೊಡಗೆಯೆಂದೇ ಕರೆದಿದ್ದಾರೆ. ಮೇಲಿನ ಪಟ್ಟಿಕೆಯಲ್ಲಿ ವೀರನು ಸ್ವರ್ಗದಲ್ಲಿರುತ್ತಾನೆ, ಕೆಳಗೆ ಕಾದಾಡುತ್ತಿರುತ್ತಾನೆ. ಸೋತ ಪಕ್ಷದ ವೀರನಿಗೂ ವೀರಗಲ್ಲಿನಲ್ಲಿ ಅದೇ ಸ್ವರ್ಗ. ಕಲ್ಲು ಮಾತನಾಡುವುದು ಸತ್ತವನ ಊರಿನವರೊಂದಿಗೆ, ಅವರದೇ ನುಡಿಯಲ್ಲಿ. ಕೋಟೆಯ ಗೋಡೆಗೆ ಸಂಬಂಧಿಸಿದ ಬರಹಗಳಲ್ಲಿ ರಾಯಚೂರಿನ 1294ರ ಶಾಸನವನ್ನೂ ಇಲ್ಲಿ ಹೆಸರಿಸಬೇಕು. 41 ಅಡಿಗೂ ಮಿಗಿಲಾದ ಒಂದೇ ಚಪ್ಪಡಿಯ ಮೇಲೆ ಕಾಕತೀಯರ ಅಧೀನನಾದ ಗೋರೆ ಗನ್ನಯ್ಯ ರೆಡ್ಡಿಯ ಸೇನಾನಿ ವಿಠ್ಠಲನಾಥನು ಕೋಟೆ ಕಟ್ಟಿಸಿದ್ದನ್ನು ತೆಲುಗಿನಲ್ಲಿ ಬರೆಸಿದ್ದಾನೆ. ಆ ಬೃಹತ್ ಚಪ್ಪಡಿಯನ್ನು ಬಂಡಿಯ ಮೇಲೇರಿಸಿ ದನಗಳ ಸಾಲಿನಿಂದ ಎಳೆತಂದ ದೃಶ್ಯವೂ ಗೋಡೆಯ ಮೇಲೆ ಗೀಚುಚಿತ್ರವಾಗಿ ಉಳಿದಿದೆ. ಕೋಟೆಯೆಂದರೆ ಮೊದಲು ಕಲ್ಲು ಹೊತ್ತವರ ಬೆವರು ಎಂಬುದನ್ನು ಬಲ್ಲ ಯಾರೋ ಕೊರೆದ ಚಿತ್ರವದು.

ಈಗ ಬೆಂಗಳೂರಿನ ಬರಹವಿಲ್ಲದ ಗುರುತುಗಳತ್ತ ಬರೋಣ. ಇವು ಐತಿಹ್ಯಗಳು, ಇವನ್ನು ಇತಿಹಾಸವೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಜನ ಒಂದು ಕೋಟೆಯ ಬಗ್ಗೆ ಏನನ್ನು ನೆನಪಿಡಲು ಬಯಸಿದರು ಎಂಬುದಕ್ಕೆ ಇವು ಸಾಕ್ಷಿ, ಅಷ್ಟರಮಟ್ಟಿಗೆ ದೃಢವಾದ ಸಾಕ್ಷಿ.

ಕೆಂಪೇಗೌಡನ ಕೋಟೆಯ ದಕ್ಷಿಣದ ಬಾಗಿಲು ಕಟ್ಟಿದಂತೆಲ್ಲ ಬೀಳುತ್ತಿತ್ತಂತೆ. ಗರ್ಭಿಣಿಯಾಗಿದ್ದ ಸೊಸೆ ಲಕ್ಷ್ಮೀದೇವಿ ಇರುಳಿನಲ್ಲಿ ಅಲ್ಲಿಗೆ ಹೋಗಿ ತನ್ನನ್ನು ಬಲಿಯಿತ್ತುಕೊಂಡಳು, ಬಾಗಿಲು ನಿಂತಿತು. ಕೋರಮಂಗಲದಲ್ಲಿ ಆಕೆಯ ಗುಡಿಯಿದೆ. ಸೆನೊಟಾಫ್ ಕೆಡವಿದ ಜಾಗಕ್ಕೆ ಅಂಟಿಕೊಂಡಂತಿರುವ ಪಾಲಿಕೆಯ ಆವರಣದಲ್ಲಿ ಈಗ ಕೆಂಪೇಗೌಡನ ಪ್ರತಿಮೆಯೊಂದಿಗೆ ಆಕೆಯ ಪ್ರತಿಮೆಯೂ ಇದೆ. ಗೋಡೆಯನ್ನು ಒಡೆದವರ ನೆನಪು ಅಳಿದೆಡೆಯಲ್ಲಿ, ಗೋಡೆ ನಿಲ್ಲಲೆಂದು ಸತ್ತವಳ ನೆನಪು ಬಂದು ನಿಂತಿದೆ. ಯಾರೂ ಹೀಗೆಂದು ಯೋಜಿಸಿ ಮಾಡಿದಂತೆ ಕಾಣುವುದಿಲ್ಲ.

ಹೈದರನ ಕಲ್ಲುಕೋಟೆಗೂ ಇಂಥದೇ ಕಥೆಯಿದೆ. ಕೋಟೆಯ ಕೆಲಸಕ್ಕೆ ಬರುತ್ತಿದ್ದ ಮೂವರು ದಿನದ ಕೊನೆಯಲ್ಲಿ ಕೂಲಿ ಪಡೆಯದೆ ಹೋಗಿಬಿಡುತ್ತಿದ್ದರು. ವಿಷಯ ಹೈದರನ ಕಿವಿಗೆ ಬಿದ್ದು ವಿಚಾರಿಸಿದಾಗ ಅವರು ಮಸೀದಿಯಲ್ಲಿ ಪ್ರಾರ್ಥನೆಯಲ್ಲಿ ತೊಡಗಿದ್ದ ಸಂತರೆಂದು ತಿಳಿಯಿತಂತೆ. ಅವರಲ್ಲೊಬ್ಬರು ತವಕ್ಕಲ್ ಮಸ್ತಾನ್. ಕಾಟನ್‌ಪೇಟೆಯಲ್ಲಿ ಅವರ ದರ್ಗಾ ಇದೆ. ಧರ್ಮರಾಯನ ಗುಡಿಯಿಂದ ಹೊರಡುವ ಬೆಂಗಳೂರು ಕರಗ ಪ್ರತಿ ವರ್ಷ ಚೈತ್ರದ ಹುಣ್ಣಿಮೆಯ ರಾತ್ರಿ ಆ ದರ್ಗಾಕ್ಕೆ ಹೋಗಿ ಮುಂದೆ ಸಾಗುವುದು ವಾಡಿಕೆ. ಕೋಟೆ ಕಟ್ಟಿದ ಕೂಲಿಯವನಿಗೆ ವರ್ಷಕ್ಕೊಮ್ಮೆ ಪೇಟೆಯ ದೇವತೆ ಸಲ್ಲಿಸುವ ಮರ್ಯಾದೆ ಇದು ಎಂದು ಹೇಳಿದರೆ ಹೆಚ್ಚೇನೂ ಆಗಲಾರದು.

ಮೂರನೆಯದು ನಮ್ಮ ವಿಷಯಕ್ಕೆ ಅತ್ಯಂತ ನಿಕಟವಾದದ್ದು. ಕೃಷ್ಣರಾಜೇಂದ್ರ ಮಾರುಕಟ್ಟೆಯ ಸಮೀಪದಲ್ಲಿ ಮೀರ್ ಬಹಾದೂರ್ ಷಾ ಅವರ ದರ್ಗಾ ಇದೆ. ಅವರಿಗೆ ಸಯ್ಯದ್ ಪಾಚಾ ಶಹೀದ್ ಎಂಬ ಹೆಸರೂ ಉಂಟು. ಇವರು 1791ರಲ್ಲಿ ಮಡಿದ ಕಿಲ್ಲೇದಾರರೇ ಎಂಬುದು ಪರಂಪರೆಯ ನಂಬಿಕೆ. ಇಂಗ್ಲಿಷ್ ವೃತ್ತಾಂತಗಳ ಬಹಾದೂರ್ ಖಾನನೂ ದರ್ಗಾದ ಬಹಾದೂರ್ ಷಾನೂ ಒಬ್ಬನೇ ಎಂದು ಹೆಸರಿನ ಹೋಲಿಕೆಯಿಂದ ಮಾತ್ರ ತೀರ್ಮಾನಿಸುವುದು ಸಾಧುವಲ್ಲ. ಆದರೆ ಬಿದ್ದ ಸ್ಥಳದ ಬಳಿಯಲ್ಲಿಯೇ ಮಣ್ಣು ಮಾಡಬೇಕೆಂಬ ಟಿಪ್ಪುವಿನ ಉತ್ತರ, ಕೋಟೆಗೂ ಪೇಟೆಗೂ ನಡುವಣ ಈ ನೆಲ, 'ಶಹೀದ್' ಎಂಬ ವಿಶೇಷಣ, ಈ ಮೂರೂ ಒಂದೇ ಕಡೆಗೆ ಕೈ ತೋರಿಸುತ್ತವೆ. ಹೂವಿನ, ತರಕಾರಿಯ ಗಾಡಿಗಳ ನಡುವೆ ದಾರಿ ಮಾಡಿಕೊಂಡು ಬರುವ ಎಲ್ಲ ಮತದ ಜನ ಇಲ್ಲಿ ಕೈಮುಗಿಯುತ್ತಾರೆ. ಅವರಲ್ಲಿ ಬಹುಮಂದಿಗೆ 1791 ಎಂಬ ಇಸವಿಯಿಂದ ಯಾವ ಪ್ರಯೋಜನವೂ ಇಲ್ಲ. ಪುಣೆಯಲ್ಲಿ ಸಗಟು ವ್ಯಾಪಾರ ಹಳೆಯ ಪೇಟೆಯನ್ನು ಬಿಟ್ಟು ಮಾರ್ಕೆಟ್ ಯಾರ್ಡಿಗೆ ಸಾಗಿತು. ಬೆಂಗಳೂರಿನ ಹಳೆಯ ಮಾರುಕಟ್ಟೆ ಮಾತ್ರ ಯುದ್ಧದ ನೆಲದ ಮೇಲೆಯೇ ಕುಳಿತಿದೆ. 2012ರಲ್ಲಿ ಮೆಟ್ರೋ ಕಾಮಗಾರಿಗೆ ಇಲ್ಲಿ ನೆಲ ಅಗೆದಾಗ ಎರಡು ಹಳೆಯ ಫಿರಂಗಿಗಳು ಸಿಕ್ಕವು.

ಕಂಡಿಯೊಂದನ್ನು ಕನ್ನಡ ಜನ ಹೇಗೆ ನೆನೆಯುತ್ತಾರೆಂಬುದಕ್ಕೆ ಚಿತ್ರದುರ್ಗಕ್ಕೆ ಹೋಗಬೇಕು. ಅಲ್ಲಿ ಬಂಡೆಗಳ ನಡುವಣ ಒಂದು ಕಿರಿದಾದ ಸಂದು ಓಬವ್ವನ ಕಿಂಡಿಯೆಂದು ಹೆಸರಾಗಿದೆ. ಹೈದರನ ಸೈನಿಕರು ಅದರೊಳಗೆ ಒಬ್ಬೊಬ್ಬರಾಗಿ ನುಸುಳಿದಾಗ ಕಾವಲುಗಾರನ ಹೆಂಡತಿ ಒನಕೆಯಿಂದ ಬಡಿದು ಕೊಂದಳೆಂಬ ಕಥೆಯನ್ನು 1972ರ 'ನಾಗರಹಾವು' ಚಲನಚಿತ್ರ ಮನೆಮನೆಗೆ ಮುಟ್ಟಿಸಿತು. 1779ರಲ್ಲಿ ಹೈದರನು ದುರ್ಗವನ್ನು ಗೆದ್ದನೆಂಬುದನ್ನು ಬಲ್ಲವರು ಕಡಿಮೆ, ಓಬವ್ವನನ್ನು ಅರಿಯದವರಿಲ್ಲ. ಕಿಂಡಿಗೆ ಕಾಯ್ದವಳ ಹೆಸರು. ಬೆಂಗಳೂರಿನ ಕಂಡಿಗೆ ನುಗ್ಗಿದವರ ಹೆಸರು. ಒಂದು ವಿಷಯವನ್ನು ಮರೆಯಬಾರದು: ದುರ್ಗದ ನೆನಪಿನಲ್ಲಿ ಹೈದರನ ಸೈನಿಕ ನುಗ್ಗುವವನು, ಬೆಂಗಳೂರಿನಲ್ಲಿ ಆತನ ಮಗನ ಸೈನಿಕ ಕಾಯುವವನು. ಜನರ ನೆನಪು ಅರಸುಮನೆತನಗಳನ್ನು ಹಿಂಬಾಲಿಸುವುದಿಲ್ಲ. ಗೋಡೆಯ ಒಳಬದಿಯಲ್ಲಿ ನಿಂತು ನೋಡುತ್ತದೆ.

ಹೊರನಾಡಿನ ಸಂಶೋಧಕರಿಗೆ ಇದರಿಂದ ಆಗುವ ತೊಡಕು ಸಣ್ಣದಲ್ಲ. ಮೂರ್‌ಹೌಸನ ಸಾವನ್ನು ರಾಬರ್ಟ್ ಹೋಮ್ ಚಿತ್ರಿಸಿದ್ದಾನೆ. ಕಾರ್ನ್‌ವಾಲಿಸನ ಸೇನೆಯೊಂದಿಗೆ ಬಂದ ಈ ಕಲಾವಿದ 1794ರಲ್ಲಿ ಪ್ರಕಟಿಸಿದ ಮೈಸೂರು ಸೀಮೆಯ ದೃಶ್ಯಗಳಲ್ಲಿ ಬೆಂಗಳೂರಿನಲ್ಲಿ ಮಡಿದ ಅಧಿಕಾರಿಗಳ ಗೋರಿಗಳಿರುವ ಸ್ಮಶಾನವೂ ಸೇರಿದೆ. ಆ ಸ್ಮಶಾನ ಇಂದಿಲ್ಲ, ಆದರೆ ಚಿತ್ರ ಲಂಡನ್ನಿನಲ್ಲಿ ಕುಳಿತವರಿಗೂ ಎಟಕುತ್ತದೆ. ಬಹಾದೂರ್ ಷಾನ ದರ್ಗಾ ಇಂದಿಗೂ ಇದೆ, ಅದು ಗ್ರಂಥಾಲಯದಲ್ಲಿ ಕುಳಿತವನಿಗೆ ಎಟಕುವುದಿಲ್ಲ. ಹೀಗಾಗಿ ಬೆಂಗಳೂರಿನ ಮುತ್ತಿಗೆಯ ಬಗ್ಗೆ ದೂರದಿಂದ ಬರೆದ ಬರಹಗಳಲ್ಲಿ ಹಲಸೂರು ಬಾಗಿಲಲ್ಲಿ ಬಿದ್ದವನಿಗೆ ಮುಖವಿರುತ್ತದೆ, ದೆಹಲಿ ಬಾಗಿಲಲ್ಲಿ ಬಿದ್ದವನಿಗೆ ಬರಿಯ ಹುದ್ದೆಯಿರುತ್ತದೆ.

ಕಂಡಿಯ ಫಲಕವನ್ನು ಕೀಳಬೇಕೆಂದು ನಾನು ಹೇಳಲಾರೆ. ಸೆನೊಟಾಫಿನ ಅನುಭವ ಎದುರಿಗಿದೆ. ಗೆದ್ದವನು ತನ್ನ ಗೆಲವನ್ನು ಯಾವ ಮಾತಿನಲ್ಲಿ ಹೇಳಿಕೊಂಡ, ಏನನ್ನು ಬಿಟ್ಟ ಎಂಬುದಕ್ಕೆ ಆ ಕಲ್ಲು ಪ್ರಥಮದರ್ಜೆಯ ಆಕರ. ಅದರ ಪಕ್ಕದಲ್ಲಿ ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಇನ್ನೊಂದು ಕಲ್ಲು ಬರಬೇಕು. ಅದರಲ್ಲಿ ಕಿಲ್ಲೇದಾರನ ಹೆಸರಿರಲಿ. ಹೆಸರು ತಿಳಿಯದ ಸಾವಿರಕ್ಕೂ ಮಿಕ್ಕ ಮೈಸೂರಿನ ಸೈನಿಕರು ಆ ರಾತ್ರಿ ಸತ್ತದ್ದಿರಲಿ. 1761ರಲ್ಲಿ ಕಟ್ಟಿದ್ದು, ಟಿಪ್ಪು ಕೆಡವಿದ್ದು, ಪೂರ್ಣಯ್ಯ ಕಟ್ಟಿದ್ದು ಇರಲಿ. ಒಕ್ಕಣೆಯನ್ನು ಸಿದ್ಧಪಡಿಸುವವರಿಗೆ ಬೇಗೂರಿನ ಕಲ್ಲು ಮಾದರಿಯಾಗಬಲ್ಲದು. ಅದಕ್ಕೆ ಮುಂಚೆ ಆಗಬೇಕಾದ ಕೆಲಸವೊಂದಿದೆ: ದರ್ಗಾದ ಉರುಸಿನ ಪರಂಪರೆ, ವಕ್ಫ್ ದಾಖಲೆಗಳು, ಪೇಟೆಯ ಹಳೆಯ ಕುಟುಂಬಗಳ ಹೇಳಿಕೆಗಳು, ಮುತ್ತಿಗೆಯನ್ನು ಕುರಿತ ಪಾರಸಿ ಬರಹಗಳು, ಇವನ್ನು ಇಂಗ್ಲಿಷ್ ವೃತ್ತಾಂತಗಳ ಪಕ್ಕದಲ್ಲಿಟ್ಟು ಖಾನ್ ಮತ್ತು ಷಾ ಒಬ್ಬನೇ ಹೌದೇ ಅಲ್ಲವೇ ಎಂಬುದನ್ನು ಇತ್ಯರ್ಥಗೊಳಿಸುವುದು. ಇದಕ್ಕೆ ಕನ್ನಡದೊಂದಿಗೆ ಪಾರಸಿ, ದಖನಿಗಳನ್ನು ಓದಬಲ್ಲವರು ಬೇಕು. ಅಂಥವರು ಇಂದು ಕರ್ನಾಟಕದೊಳಗಿಗಿಂತ ಹೊರಗಿನ ವಿಶ್ವವಿದ್ಯಾಲಯಗಳಲ್ಲಿ ಸಿಗುವ ಸಂಭವ ಹೆಚ್ಚು.